ಸ್ಮಾರ್ಟ್ ಕ್ಲಾಸ್ ಉದ್ಘಾಟನೆ ಆಯ್ತು, ಆರನೇ ವರ್ಷ ನೋಡ್ಕೊಳ್ಳೋರು ಯಾರು?

ಸ್ಮಾರ್ಟ್ ಸಿಟಿ ಯೋಜನೆಗೆ 2016ರ ಜನವರಿಯಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಒಂದು. ಆ ಯೋಜನೆ 2025ರ ಮಾರ್ಚ್‌ಗೆ ಮುಗಿಯಿತು. ಆದರೆ 'ಸ್ಮಾರ್ಟ್' ಅನ್ನೋ ಪದ ಮಾತ್ರ ನಾನಿರುವ ದೇವರಾಜ ಅರಸು ಬಡಾವಣೆಯಿಂದ ಹರಿಹರದವರೆಗೂ ಬಾಯಿಂದ ಬಾಯಿಗೆ ಓಡಾಡ್ತಾನೇ ಇದೆ. ಸರ್ಕಾರಿ ಶಾಲೆಗೆ 'ಸ್ಮಾರ್ಟ್ ಕ್ಲಾಸ್' ಬಂತು ಅಂದಾಗಲೆಲ್ಲ ನನ್ನದು ಒಂದೇ ಪ್ರಶ್ನೆ: ಆರನೇ ವರ್ಷ ಅದನ್ನು ನೋಡ್ಕೊಳ್ಳೋರು ಯಾರು?

ನಾನು ಓದಿದ್ದು ಎಂಜಿನಿಯರಿಂಗ್. ಯಂತ್ರದ ಬೆಲೆ ಅಂದರೆ ಬರೀ ಕೊಂಡ ದಿನದ ಬಿಲ್ ಅಲ್ಲ ಅನ್ನೋದು ಅಲ್ಲಿ ಕಲಿತ ಮೊದಲ ಪಾಠಗಳಲ್ಲೊಂದು. ಯುಪಿಎಸ್ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಪ್ರೊಜೆಕ್ಟರ್ ದೀಪ ಮಂಕಾಗುತ್ತದೆ. ಇಂಟರ್ನೆಟ್ ಬಿಲ್ ತಿಂಗಳು ತಿಂಗಳು ಬರುತ್ತದೆ. ಸರ್ಕಾರದ ಲೆಕ್ಕದಲ್ಲಿ ಕಂಪ್ಯೂಟರ್ ಖರೀದಿ ಒಂದೇ ಸಲದ ಬಂಡವಾಳ ವೆಚ್ಚ. ಅದನ್ನು ಓಡಿಸೋದು ವರ್ಷ ವರ್ಷದ ಖರ್ಚು. ಮೊದಲನೆಯದಕ್ಕೆ ರಿಬ್ಬನ್ ಕತ್ತರಿಸ್ತಾರೆ, ಎರಡನೆಯದಕ್ಕೆ ಫೋಟೋ ಬರಲ್ಲ.

ಕರ್ನಾಟಕಕ್ಕೆ ಈ ಅನುಭವ ಹೊಸದೇನಲ್ಲ. 2000ದ ದಶಕದ ಆರಂಭದಲ್ಲೇ 'ಮಾಹಿತಿ ಸಿಂಧು' ಯೋಜನೆ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. ಆಮೇಲೆ ಬಂದದ್ದು 'ಬೂಟ್' ಮಾದರಿ. ಖಾಸಗಿ ಕಂಪನಿ ಕಂಪ್ಯೂಟರ್ ಹಾಕಿ, ತನ್ನದೇ ಬೋಧಕರನ್ನು ಇಟ್ಟು, ಐದು ವರ್ಷ ನಡೆಸಿ, ಕೊನೆಗೆ ಶಾಲೆಗೆ ಬಿಟ್ಟುಕೊಡಬೇಕು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಲ್ಯಾಬ್ ಶಾಲೆಯೊಳಗಿದ್ದರೂ ಶಾಲೆಯದಾಗಲಿಲ್ಲ. ಗಣಿತದ ಮೇಷ್ಟ್ರಿಗೂ ಆ ಕೋಣೆಗೂ ಸಂಬಂಧ ಬೆಳೆಯುವ ದಾರಿ ಅದರಲ್ಲಿರಲಿಲ್ಲ. ಗುತ್ತಿಗೆ ಮುಗಿದಾಗ ಬೋಧಕರೂ ಹೋದರು, ಹಳೇ ಯಂತ್ರಗಳು ಉಳಿದವು.

ಪಕ್ಕದ ಕೇರಳ ಹಿಡಿದದ್ದು ಬೇರೆ ದಾರಿ. 2001ರಲ್ಲಿ ಶುರುವಾದ 'ಐಟಿ@ಸ್ಕೂಲ್' ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟಿತು, ಲೈಸೆನ್ಸ್ ಶುಲ್ಕವಿಲ್ಲದ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಆ ಅಡಿಪಾಯದ ಮೇಲೆ ಮುಂದೆ 45,000 ಹೈಟೆಕ್ ತರಗತಿಗಳು ಎದ್ದವು. 2018ರಲ್ಲಿ 'ಲಿಟಲ್ ಕೈಟ್ಸ್' ಹೆಸರಿನ ವಿದ್ಯಾರ್ಥಿ ಕ್ಲಬ್‌ಗಳೂ ಬಂದವು. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಎರಡೂ ರಾಜ್ಯಗಳನ್ನು ಹೋಲಿಸಿ ನೋಡಿದಾಗ, ಹೊರಗುತ್ತಿಗೆಗಿಂತ ಶಿಕ್ಷಕರನ್ನು ನೆಚ್ಚಿದ ಮಾದರಿಯೇ ಮೇಲು ಎಂದಿತು. ತಡವಾಗಿಯಾದರೂ ನಮ್ಮಲ್ಲೂ 2016-17ರ ಹೊತ್ತಿಗೆ ಶಿಕ್ಷಕರಿಗೇ ತರಬೇತಿ ಕೊಡುವ 'ಟಾಲ್ಪ್' ಕಾರ್ಯಕ್ರಮ ಬಂತು.

ಹಾಗಂತ ಯಂತ್ರ ಇದ್ದರೆ ಕಲಿಕೆ ತಾನಾಗೇ ಆಗುತ್ತಾ? ಪೆರು ದೇಶ ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪ್ ಕೊಟ್ಟು ನೋಡಿತು. 319 ಗ್ರಾಮೀಣ ಶಾಲೆಗಳ ಅಧ್ಯಯನದಲ್ಲಿ ಗಣಿತ, ಭಾಷೆ ಎರಡರಲ್ಲೂ ಸುಧಾರಣೆ ಕಾಣಲಿಲ್ಲ. ತಂತ್ರಜ್ಞಾನವೇ ಬೇಡ ಅಂತ ಇದರ ಅರ್ಥ ಅಲ್ಲ. ಮೇಷ್ಟ್ರ ಕೈಗೆ ಸಿಗದ ತಂತ್ರಜ್ಞಾನ ಬೀರು ಸೇರುತ್ತದೆ ಅಂತ ಅರ್ಥ.

ಅಂಕಿಅಂಶಗಳನ್ನೂ ಈ ಕಣ್ಣಿಂದಲೇ ಓದಬೇಕು. ಕೇಂದ್ರದ ಯುಡೈಸ್ ವರದಿ ಪ್ರಕಾರ 2023-24ರಲ್ಲಿ ದೇಶದ ಶೇ. 57.2ರಷ್ಟು ಶಾಲೆಗಳಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇತ್ತು, ಶೇ. 53.9ರಲ್ಲಿ ಇಂಟರ್ನೆಟ್ ಇತ್ತು. 'ಇದೆ' ಅನ್ನೋದು ಒಂದು ಟಿಕ್ ಮಾರ್ಕ್. ಎಂಟನೇ ಕ್ಲಾಸಿನ ಹುಡುಗಿಗೆ ವಾರಕ್ಕೆ ಎಷ್ಟು ಹೊತ್ತು ಕೀಬೋರ್ಡ್ ಸಿಗುತ್ತೆ ಅನ್ನೋದನ್ನು ಅದು ಹೇಳಲ್ಲ.

ಮನೆಯಲ್ಲಿ ಮೊಬೈಲ್ ಇದೆಯಲ್ಲಾ ಅಂತೀರಾ? ಅಸರ್ 2024ರ ಗ್ರಾಮೀಣ ಸಮೀಕ್ಷೆಯಲ್ಲಿ 14–16 ವಯಸ್ಸಿನ ಶೇ. 80ಕ್ಕೂ ಹೆಚ್ಚು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತಿತ್ತು. ಆದರೆ ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ. 57, ಸೋಷಿಯಲ್ ಮೀಡಿಯಾಗೆ ಶೇ. 76. ರೀಲ್ಸ್ ನೋಡೋದಕ್ಕೂ, ಒಂದು ಅರ್ಜಿ ಟೈಪ್ ಮಾಡಿ ಅಪ್‌ಲೋಡ್ ಮಾಡೋದಕ್ಕೂ ಬಹಳ ವ್ಯತ್ಯಾಸ ಇದೆ. ವಿದ್ಯಾರ್ಥಿವೇತನದ ಅರ್ಜಿ ಈಗ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ ಹಾಕಬೇಕು. ಖಾಸಗಿ ಶಾಲೆಯ ಮಗುವಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಇರಬಹುದು. ಕೂಲಿ ಮಾಡುವವರ ಮಗುವಿಗೆ ಇರೋದು ಶಾಲೆಯ ಆ ಒಂದು ಕೋಣೆ. ಅದಕ್ಕೂ ಬೀಗ ಬಿದ್ದರೆ, ಸೈಬರ್ ಸೆಂಟರ್‌ಗೆ ದುಡ್ಡು ಕೊಟ್ಟು ಕೈಕಟ್ಟಿ ನಿಲ್ಲಬೇಕು.

ಬಿಸಿಯೂಟವನ್ನೇ ನೋಡಿ. ಅಡುಗೆಮನೆ ಕಟ್ಟಿಸಿದ್ವಿ, ಯೋಜನೆ ಮುಗೀತು ಅಂತ ಯಾವ ಸರ್ಕಾರವೂ ಹೇಳಲ್ಲ. ಅಕ್ಕಿ, ಬೇಳೆ, ಗ್ಯಾಸ್, ಅಡುಗೆಯವರ ಗೌರವಧನ, ಎಲ್ಲಕ್ಕೂ ಪ್ರತಿ ವರ್ಷ ಹಣ ಇಡಬೇಕು. ಕಂಪ್ಯೂಟರ್ ಲ್ಯಾಬ್‌ಗೂ ಅದೇ ನಿಯಮ ಯಾಕಿಲ್ಲ? 2023ರ ನವೆಂಬರ್ 1ರಂದು ಸಿದ್ದರಾಮಯ್ಯ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಿಸಿದ್ದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಕರೆಂಟ್ ಬಿಲ್ ಸರ್ಕಾರದ ಜವಾಬ್ದಾರಿ ಅಂತಾದರೆ, ರಿಪೇರಿ, ಇಂಟರ್ನೆಟ್, ಶಿಕ್ಷಕರ ತರಬೇತಿಯೂ ಆಗಲೇಬೇಕು.

ಹಾಗಾದರೆ ನಾವೇನು ಮಾಡಬಹುದು? ನಿಮ್ಮ ಏರಿಯಾದ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಪೋಷಕರೇ ಸದಸ್ಯರು. ಅವರ ಜೊತೆ ಕೂತು ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಕಂಪ್ಯೂಟರ್ ಈವತ್ತು ಆನ್ ಆಗುತ್ತವೆ? ವೇಳಾಪಟ್ಟಿಯಲ್ಲಿ ಲ್ಯಾಬ್ ಪೀರಿಯಡ್ ಇದೆಯಾ? ತರಬೇತಿ ಪಡೆದ ಶಿಕ್ಷಕರು ಎಷ್ಟು ಜನ? ಈ ವರ್ಷ ನಿರ್ವಹಣೆಗೆ ಬಂದ ಹಣ ಎಷ್ಟು? ಉತ್ತರ ಸಿಗದಿದ್ದರೆ ಬಿಇಒ ಕಚೇರಿಗೆ ಆರ್‌ಟಿಐ ಹಾಕಿ. ಮುಂದಿನ ಚುನಾವಣೆಯಲ್ಲಿ ಯಾರಾದರೂ ಟ್ಯಾಬ್ ಕೊಡ್ತೀನಿ ಅಂತ ಬಂದರೆ, ಬೇಡ ಅನ್ನಬೇಡಿ. ಅದು ಕೆಟ್ಟಾಗ ರಿಪೇರಿ ಯಾರು ಮಾಡಿಸ್ತಾರೆ ಅಂತ ಅಲ್ಲೇ ಕೇಳಿ.