ಹೊಲಿಗೆ ಬಿಚ್ಚಿದ ದಿನ ಕಲಿತ ಪಾಠ

ಬಂಡೆ ಹತ್ತುವ ಹುಚ್ಚು ನನಗೆ ಹಿಡಿದದ್ದು ಬಿಇ ಎರಡನೇ ವರ್ಷದಲ್ಲಿ. ಭಾನುವಾರ ಬಂತೆಂದರೆ ಸೀನಿಯರ್‌ಗಳ ಜೊತೆ ರಾಮನಗರದ ರೈಲು ಹತ್ತುತ್ತಿದ್ದೆ. ‘ಇದೆಲ್ಲ ರೆಸ್ಯೂಮೆಗೆ ಬರುತ್ತೇನೋ?’ ಎಂದು ರೂಂಮೇಟ್ ರೇಗಿಸುತ್ತಿದ್ದ.

ಕೈಗೆ ಹಿಡಿತ ಸಿಗದ ಬಂಡೆಯನ್ನು ಸಾಧನಗಳ ನೆರವಿನಿಂದ ಏರುವುದೇ ‘ಏಡ್ ಕ್ಲೈಂಬಿಂಗ್’. ಬೋಲ್ಟಿಗೋ ಬಿರುಕಿಗೆ ಸಿಕ್ಕಿಸಿದ ಸಾಧನಕ್ಕೋ ಏಡರ್ ತೂಗುಹಾಕಿ, ಅದರ ಮೇಲೆ ನಿಂತು ಮುಂದಿನದಕ್ಕೆ ಕೈ ಚಾಚಬೇಕು. ಏಡರ್ ಎಂದರೆ ನೈಲಾನ್ ಪಟ್ಟಿಯ ಪುಟ್ಟ ಏಣಿ. ಅಮೆರಿಕದ ಯೊಸೆಮಿಟಿಯಲ್ಲಿರುವ, ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು 1958ರಲ್ಲಿ ವಾರನ್ ಹಾರ್ಡಿಂಗ್ ತಂಡ ಮೊದಲು ಏರಿದ್ದು ಹೀಗೆಯೇ.

ಏಡರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ನೇರ ಏಣಿಯಂಥದ್ದು ಕಡಿದಾದ ಗೋಡೆಗೆ ಅನುಕೂಲ. ಮೆಟ್ಟಿಲುಗಳು ಎಡಕ್ಕೊಂದು ಬಲಕ್ಕೊಂದು ಇರುವ ‘ಎಟ್ರಿಯೆ’ ಹಗುರ, ಮಡಚಿಡುವುದೂ ಸುಲಭ. ರೆಡಿಮೇಡ್ ಜೋಡಿಯ ಬೆಲೆ ಕೇಳಿ ಜೇಬು ಮುಟ್ಟಿ ನೋಡಿಕೊಂಡೆ. ‘ಎಂಜಿನಿಯರಿಂಗ್ ಓದ್ತಿರೋನು, ನಾನೇ ಮಾಡ್ಕೊಳ್ತೀನಿ’ ಎಂದು 25 ಮಿ.ಮೀ. ಅಗಲದ ನೈಲಾನ್ ಪಟ್ಟಿ ತಂದೆ. ಗಂಟು ಹಾಕಿದರೆ ದಪ್ಪವಾಗುತ್ತದೆಂದು ನಮ್ಮ ಬೀದಿಯ ಟೈಲರ್ ಹತ್ತಿರ ಮೆಟ್ಟಿಲುಗಳನ್ನು ಹೊಲಿಸಿದೆ. ಯಾವುದಕ್ಕೆಂದು ಅವರಿಗೆ ಹೇಳಲಿಲ್ಲ. ಅವರು ಅಂಗಿ ಹೊಲಿಯುವ ದಾರದಲ್ಲೇ ಹೊಲಿದರು.

ಬಂಡೆಯ ಬುಡದಲ್ಲಿ ಸೀನಿಯರ್ ನನ್ನನ್ನು ತಡೆದರು. ‘ಮೊದಲು ಕೆಳಗಿನ ಬೋಲ್ಟಿಗೆ ಹಾಕಿ ಜಿಗಿದು ನೋಡು ಮಗಾ.’ ನನಗೆ ಸಿಟ್ಟೇ ಬಂತು. ಮೂರನೇ ಜಿಗಿತಕ್ಕೆ ‘ಪರ್’ ಎಂದು ಹೊಲಿಗೆ ಬಿಚ್ಚಿತು. ಎರಡಡಿಯಿಂದ ಬಿದ್ದು ಸೊಂಟ ಉಜ್ಜಿಕೊಂಡೆ. ಮೇಲೆ ಹೋಗಿ ಬಿದ್ದಿದ್ದರೆ ಹಗ್ಗ ಹಿಡಿಯುತ್ತಿತ್ತು, ನಿಜ. ಆದರೆ ನಡುವೆ ಚಾಚಿಕೊಂಡ ಬಂಡೆಗೆ ಬಡಿಯುವುದನ್ನು ತಪ್ಪಿಸುತ್ತಿತ್ತೇ? ಆ ರಾತ್ರಿ ನಿದ್ದೆ ಬರಲಿಲ್ಲ.

ಹಠಾತ್ತನೆ ಬಿದ್ದ ಭಾರ, ನಿಧಾನವಾಗಿ ಹೇರಿದ ಅಷ್ಟೇ ಭಾರದ ಎರಡು ಪಟ್ಟು ಒತ್ತಡ ಉಂಟುಮಾಡುತ್ತದೆ ಎಂದು ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಪಟ್ಟಿಯ ಬಲ ನೋಡಿದೆನೇ ಹೊರತು ಜೋಡಣೆಯ ಬಲ ನೋಡಲಿಲ್ಲ!

ಹೊಲಿಗೆಯನ್ನೆಲ್ಲ ಬಿಚ್ಚಿ, ಸೀನಿಯರ್ ಎದುರಲ್ಲೇ ‘ವಾಟರ್ ನಾಟ್’ ಹಾಕಿದೆ. ಈ ಗಂಟು ಬಳಸುತ್ತ ಬಳಸುತ್ತ ಸಡಿಲವಾಗುತ್ತದೆ. ಆದ್ದರಿಂದ ತುದಿಯಲ್ಲಿ ಕನಿಷ್ಠ ಮೂರು ಇಂಚು ಬಿಟ್ಟು, ಪ್ರತಿ ಸಲ ಹತ್ತುವ ಮುಂಚೆ ನೋಡುತ್ತೇನೆ. ಮೆಟ್ಟಿಲು ಮುದುಡದೆ ಶೂ ಸಲೀಸಾಗಿ ಹೋಗಲೆಂದು ಒಳಗೆ ಹಳೇ ನೀರಿನ ಪೈಪಿನ ತುಂಡು ತೂರಿಸಿದೆ. ಎಡಬಲ ಗೊತ್ತಾಗಲು ಎರಡು ಬಣ್ಣದ ಟೇಪ್ ಸುತ್ತಿದೆ. ಕಾಲಿಗೆ ಅನುಕೂಲವಾಗುವ ಕಡೆ ಎಷ್ಟು ಬೇಕಾದರೂ ಬುದ್ಧಿ ಓಡಿಸಬಹುದು. ಜೀವದ ಭಾರ ಹೊರುವ ಕಡೆ ಗೊತ್ತಿದ್ದವರನ್ನು ಕೇಳಲೇಬೇಕು.

ಮೊನ್ನೆ ಕಾಲೇಜಿನ ಮಾಕ್ ಇಂಟರ್‌ವ್ಯೂನಲ್ಲಿ ‘ನೀವು ಮಾಡಿದ ಒಂದು ತಪ್ಪು ಹೇಳಿ’ ಎಂದರು. ಇದನ್ನೇ ಹೇಳಿದೆ. ಹತ್ತು ನಿಮಿಷ ಅದರ ಮೇಲೆಯೇ ಪ್ರಶ್ನೆ ಕೇಳಿದರು. ರೂಮಿಗೆ ಬಂದು ರೂಂಮೇಟ್‌ಗೆ ಹೇಳಿದೆ: ‘ರೆಸ್ಯೂಮೆಗೂ ಬಂತು ಕಣೋ!’