ಅಳತೆ ಕೊಟ್ಟು ಮಾಡಿಸಿದ ಬೇಟೆಯ ಕೋವಿ

ದರ್ಜಿಗೆ ಅಳತೆ ಕೊಟ್ಟು ಅಂಗಿ ಹೊಲಿಸಿಕೊಳ್ಳುವಂತೆ ಕೋವಿಯನ್ನೂ ಅಳತೆ ಕೊಟ್ಟು ಮಾಡಿಸಿಕೊಳ್ಳುವವರು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅನೇಕರಿದ್ದಾರೆ. ಅಲ್ಲಿ ಶರತ್ಕಾಲ ಬಂತೆಂದರೆ ಪರವಾನಗಿ ಪಡೆದ ಲಕ್ಷಾಂತರ ಜನರು ಜಿಂಕೆಯ ಬೇಟೆಗೆ ಹೊರಡುತ್ತಾರೆ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ರೈಫಲು ಒಂದು ಸಾವಿರ ಡಾಲರಿನ ಆಸುಪಾಸಿನಲ್ಲಿ ದೊರೆಯುತ್ತದೆ. ಕುಶಲಕರ್ಮಿಯೊಬ್ಬನು ಗಿರಾಕಿಯ ಇಚ್ಛೆಯಂತೆ ಒಂದೊಂದು ಭಾಗವನ್ನೂ ತಿದ್ದಿ ಜೋಡಿಸಿಕೊಡುವ ರೈಫಲಿಗಾದರೋ ಐದು ಸಾವಿರ, ಕೆಲವೊಮ್ಮೆ ಹತ್ತು ಸಾವಿರ ಡಾಲರು ತೆರಬೇಕಾಗುತ್ತದೆ. ಈ ಹೆಚ್ಚಿನ ಹಣಕ್ಕೆ ತಕ್ಕ ಫಲವುಂಟೆ? ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯ ಹವ್ಯಾಸಕ್ಕೆ ತೆರೆ ಎಳೆದಿರುವುದರಿಂದ ವಾಚಕರಿಗೆ ಈ ಪ್ರಶ್ನೆ ಎದುರಾಗಲಾರದು. ಆದರೂ ಇದಕ್ಕೆ ಉತ್ತರವನ್ನು ಹುಡುಕುವ ಬಗೆ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಬೇಕಾದದ್ದು.

ಮೊದಲು, ಹಣ ಎಲ್ಲಿಗೆ ಹೋಗುತ್ತದೆಂಬುದನ್ನು ನೋಡೋಣ. ರೈಫಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಹೊರದೂಡುತ್ತವೆ. ಅಮೆರಿಕಾದ ಬೇಟೆಗಾರರಲ್ಲಿ ಬಲು ಬಳಕೆಯಲ್ಲಿರುವ ‘ಥರ್ಟಿ ಆಟ್ ಸಿಕ್ಸ್’ ಎಂಬ 1906ರ ತೋಟಾವನ್ನು ಹಾರಿಸುವ ನಳಿಗೆಯಲ್ಲಿ ಸಾಮಾನ್ಯವಾಗಿ ಹತ್ತು ಅಂಗುಲಕ್ಕೆ ಒಂದು ಸುತ್ತು. ಗುಂಡು ಸೆಕೆಂಡಿಗೆ ಸುಮಾರು 850 ಮೀಟರು ವೇಗದಲ್ಲಿ ಹೊರಬೀಳುವುದರಿಂದ ಅದು ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಬಾರಿ ಸುತ್ತುತ್ತಿರುತ್ತದೆ! ತೋಟಾ ಕೂರುವ ಕೋಣೆಯ ಅಕ್ಷವೂ ನಳಿಗೆಯ ಅಕ್ಷವೂ ಕೂದಲೆಳೆಯಷ್ಟು ತಪ್ಪಿದರೂ ಗುಂಡು ತುಸು ಓರೆಯಾಗಿ ಹೊರಡುತ್ತದೆ. ಇದಲ್ಲದೆ, ಹಾರಿಸಿದ ಕ್ಷಣದಲ್ಲಿ ನಳಿಗೆಯು ಒಂದು ತುದಿಯನ್ನು ಬಿಗಿದ ಉಕ್ಕಿನ ಸರಳಿನಂತೆ ಕಂಪಿಸುತ್ತದೆ. ಕುಶಲಕರ್ಮಿಯು ಅಕ್ಷಗಳನ್ನು ಸರಿಹೊಂದಿಸುತ್ತಾನೆ. ಕಂಪನವು ಪ್ರತಿಸಲವೂ ಒಂದೇ ರೀತಿಯಾಗಿರುವಂತೆ ಉಕ್ಕನ್ನು ಮರದಲ್ಲಿ ಭದ್ರವಾಗಿ ಕೂರಿಸುತ್ತಾನೆ.

ಫಲವನ್ನು ಕೋನದಲ್ಲಿ ಅಳೆಯುವುದು ರೂಢಿ. ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ ಒಂದು ಮಿನಿಟು. ನೂರು ಮೀಟರು ದೂರದಲ್ಲಿ ಅದು 2.9 ಸೆಂಟಿಮೀಟರು ಆಗುತ್ತದೆ. ಇಂದಿನ ಒಳ್ಳೆಯ ಕಾರ್ಖಾನೆಯ ರೈಫಲು ತನ್ನ ಗುಂಡುಗಳನ್ನು ಒಂದು ಮಿನಿಟಿನೊಳಗೆ ಕೂರಿಸಬಲ್ಲದು. ಅಳತೆ ಕೊಟ್ಟು ಮಾಡಿಸಿದ್ದು ಅರ್ಧ ಮಿನಿಟಿನೊಳಗೆ. ಅಂದರೆ 200 ಮೀಟರಿನಲ್ಲಿ ಮೊದಲನೆಯದರ ಹರವು ಸುಮಾರು 6 ಸೆಂಟಿಮೀಟರು, ಎರಡನೆಯದರದು 3. ಕೋವಿ ಎರಡರಷ್ಟು ಉತ್ತಮವಾಯಿತು, ಸಂದೇಹವಿಲ್ಲ.

ಆದರೆ ಈ ಅಳತೆ ಮೇಜಿನ ಮೇಲೆ ಮರಳುಚೀಲಗಳ ನಡುವೆ ಇಟ್ಟ ಕೋವಿಯದು. 1860ರ ಜುಲೈಯಲ್ಲಿ ಇಂಗ್ಲೆಂಡಿನ ವಿಂಬಲ್ಡನ್ನಿನಲ್ಲಿ ವಿಕ್ಟೋರಿಯಾ ರಾಣಿಯು ಜೋಸೆಫ್ ವಿಟ್ವರ್ತನು ನಿರ್ಮಿಸಿದ ರೈಫಲಿನಿಂದ 400 ಗಜ ದೂರದ ಗುರಿಯ ನಡುವಿಗೆ ಒಂದೂಕಾಲು ಅಂಗುಲದಷ್ಟು ಸಮೀಪದಲ್ಲಿ ಗುಂಡನ್ನು ಹೊಡೆದಳೆಂಬುದು ಪ್ರಸಿದ್ಧವಾಗಿದೆ. ರೈಫಲನ್ನು ಮೊದಲೇ ಗುರಿಯಿಟ್ಟು ಒಂದು ಆಧಾರದ ಮೇಲೆ ಬಿಗಿದಿದ್ದರು. ರಾಣಿ ಎಳೆದದ್ದು ರೇಷ್ಮೆಯ ದಾರವನ್ನು ಮಾತ್ರ. ಕಾಡಿನಲ್ಲಿ ಅಂಥ ಆಧಾರವೆಲ್ಲಿ? ಬೇಟೆಗಾರನು ಗುಡ್ಡವೇರಿ ಏದುಸಿರು ಬಿಡುತ್ತಿರುತ್ತಾನೆ. ಎದೆಯ ಬಡಿತ, ತೋಳಿನ ಅದಿರಾಟ, ಟ್ರಿಗರನ್ನು ಸೆಳೆಯುವ ಬೆರಳಿನ ಆತುರ, ಇವೆಲ್ಲ ಸೇರಿ ಅವನದೇ ಒಂದು ಹರವು. ಮೊಣಕಾಲೂರಿ ಹೊಡೆಯುವ ಸಾಧಾರಣ ಬೇಟೆಗಾರನದು 200 ಮೀಟರಿನಲ್ಲಿ 24 ಸೆಂಟಿಮೀಟರು ಎಂದು ಇಟ್ಟುಕೊಳ್ಳೋಣ.

ಈಗ ಒಟ್ಟು ಹರವು ಎಷ್ಟು? 24ಕ್ಕೆ 6 ಕೂಡಿಸಿ 30 ಎಂದರೆ ತಪ್ಪು. ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳು ಕೆಲವು ಸಲ ಕೂಡುತ್ತವೆ, ಕೆಲವು ಸಲ ಒಂದನ್ನೊಂದು ಅಳಿಸುತ್ತವೆ. ಆದುದರಿಂದ ಕೂಡಿಸಬೇಕಾದದ್ದು ಅವುಗಳ ವರ್ಗಗಳನ್ನು. ಲಂಬಕೋನ ತ್ರಿಭುಜದ ಎರಡು ಭುಜಗಳಿಂದ ಕರ್ಣವನ್ನು ಪಡೆಯುವ ಲೆಕ್ಕವೇ ಇಲ್ಲಿಯೂ ಸಲ್ಲುತ್ತದೆ. ಕಾರ್ಖಾನೆಯ ಕೋವಿಯಿಂದ 576 ಮತ್ತು 36, ಒಟ್ಟು 612. ಅದರ ವರ್ಗಮೂಲ 24.7. ದುಬಾರಿ ಕೋವಿಯಿಂದ 576 ಮತ್ತು 9, ಒಟ್ಟು 585, ವರ್ಗಮೂಲ 24.2. ನಾಲ್ಕು ಸಾವಿರ ಡಾಲರು ಹೆಚ್ಚಿಗೆ ಕೊಟ್ಟವನಿಗೆ ಸಿಕ್ಕಿದ್ದು ಅರ್ಧ ಸೆಂಟಿಮೀಟರು!

ಅದೇ ಮನುಷ್ಯನು ಅಭ್ಯಾಸದಿಂದ ತನ್ನ ಹರವನ್ನು 24ರಿಂದ 16ಕ್ಕೆ ಇಳಿಸಿಕೊಂಡನೆನ್ನಿ. ಕಾರ್ಖಾನೆಯ ಕೋವಿಯಿಂದಲೇ ಒಟ್ಟು ಹರವು 17ಕ್ಕೆ ಇಳಿಯುತ್ತದೆ. ತೋಟಾ ಒಂದಕ್ಕೆ ಎರಡು ಡಾಲರೆಂದರೂ ಆ ನಾಲ್ಕು ಸಾವಿರಕ್ಕೆ ಎರಡು ಸಾವಿರ ತೋಟಾ ಬರುತ್ತವೆ. ಮರಳುಚೀಲಗಳ ಮೇಲೆ ಪಂದ್ಯ ಆಡುವವನ ಲೆಕ್ಕವೇ ಬೇರೆ. ಅವನ ಸ್ವಂತ ಹರವು 2 ಸೆಂಟಿಮೀಟರೆಂದರೆ ಒಟ್ಟು ಹರವು 6.3ರಿಂದ 3.6ಕ್ಕೆ ಇಳಿಯುತ್ತದೆ, ಅವನು ಹಣ ಕೊಡುವುದು ನ್ಯಾಯವೇ. ಸರಳ ಲೋಲಕದ ಪ್ರಯೋಗದಲ್ಲಿ ದಾರದ ಉದ್ದವನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಅಳೆದು, ಕಾಲವನ್ನು ಮಾತ್ರ ಎರಡೇ ಆಂದೋಲನಗಳಿಂದ ತೆಗೆಯುವ ವಿದ್ಯಾರ್ಥಿಗಳನ್ನು ನಾನು ವರ್ಷವರ್ಷವೂ ಕಾಣುತ್ತೇನೆ. ಅವರು ದುಬಾರಿ ಕೋವಿಯ ಗಿರಾಕಿಗಳೇ.

ಇದು ಬರಿಯ ಹಣದ ಮಾತಲ್ಲ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗ ಸುಮಾರು 20 ಸೆಂಟಿಮೀಟರು ಅಗಲ. ಅದರ ಆಚೆಗೆ ಬಿದ್ದ ಗುಂಡು ಪ್ರಾಣಿಯನ್ನು ಕೊಲ್ಲದೆ ಗಾಯಗೊಳಿಸಬಹುದು. ಅದು ಪೊದೆಯಲ್ಲಿ ನರಳಿ ದಿನಗಳ ಮೇಲೆ ಸಾಯಬಹುದು. ದುಬಾರಿ ಕೋವಿ ಕೈಗೆ ಬಂದೊಡನೆ ದೂರದ ಹೊಡೆತಕ್ಕೆ ಧೈರ್ಯ ಮಾಡುವುದು ಮನುಷ್ಯಸ್ವಭಾವ, ಅಪಾಯವಿರುವುದೂ ಅಲ್ಲಿಯೇ. 300 ಮೀಟರಿಗೆ ಸರಿಪಡಿಸಿದ ಕೋವಿಯಿಂದ 350 ಮೀಟರಿನಲ್ಲಿರುವ ಪ್ರಾಣಿಗೆ ನೇರ ಗುರಿಯಿಟ್ಟರೆ ಗುಂಡು ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. ದೂರವನ್ನು ತಪ್ಪಾಗಿ ಅಂದಾಜು ಮಾಡಿದವನಿಗೆ ಯಾವ ಕುಶಲಕರ್ಮಿಯ ನಳಿಗೆಯೂ ನೆರವಾಗದು.

ಅಕ್ರೋಟಿನ ಮರದ ಸೊಗಸು, ಉಕ್ಕಿನ ಮೇಲಿನ ಕೆತ್ತನೆ, ಇವುಗಳಿಗಾಗಿ ಹಣ ಕೊಡುವವನೊಡನೆ ಭೌತಶಾಸ್ತ್ರಕ್ಕೆ ಜಗಳವಿಲ್ಲ.

ಒಂದು ಅಂಶ ಮಾತ್ರ ಕುಶಲಕರ್ಮಿಯ ಪರವಾಗಿದೆ. ಹೆಗಲಿಗೆ ಆನಿಸುವ ಮರದ ಹಿಡಿಯನ್ನು ಕಾರ್ಖಾನೆಯು ಸರಾಸರಿ ಮನುಷ್ಯನಿಗೆಂದು ಮಾಡಿರುತ್ತದೆ. ತೋಳು ಗಿಡ್ಡವಾಗಿದ್ದವನಿಗೆ ಅದು ಉದ್ದ. ಕೆನ್ನೆ ಸರಿಯಾಗಿ ಕೂರದಿದ್ದರೆ ಕಣ್ಣು ದುರ್ಬೀನಿನ ನೇರಕ್ಕೆ ಬರುವುದಿಲ್ಲ. ಹತ್ತೂಮುಕ್ಕಾಲು ಗ್ರಾಮಿನ ಗುಂಡು ಮತ್ತು ಅದರ ಹಿಂದೆ ನುಗ್ಗುವ ಅನಿಲಗಳ ಸಂವೇಗಕ್ಕೆ ಪ್ರತಿಯಾಗಿ ಮೂರೂವರೆ ಕಿಲೋಗ್ರಾಮಿನ ಕೋವಿ ಸೆಕೆಂಡಿಗೆ ಸುಮಾರು ನಾಲ್ಕು ಮೀಟರು ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಹಿಡಿ ಹೊಂದದವನಿಗೆ ಈ ಒದೆತ ನೋವಾಗುತ್ತದೆ. ನೋವುಂಡವನು ಮುಂದಿನ ಸಲ ಟ್ರಿಗರನ್ನು ಸೆಳೆಯುವ ಮುನ್ನವೇ ಬೆಚ್ಚುತ್ತಾನೆ. ಇದು 6ರಲ್ಲಿ ಅಲ್ಲ, 24ರಲ್ಲಿ ಸೇರಿದ ದೋಷ. ಇದನ್ನು ತಿದ್ದಲು ಇಡೀ ಕೋವಿಯನ್ನು ಹೊಸದಾಗಿ ಮಾಡಿಸಬೇಕಾಗಿಲ್ಲ. ಕಾರ್ಖಾನೆಯ ರೈಫಲಿನ ಉಕ್ಕಿನ ಭಾಗವನ್ನು ಹಾಗೆಯೇ ಉಳಿಸಿಕೊಂಡು ಹಿಡಿಯನ್ನಷ್ಟೆ ಅಳತೆಗೆ ಮೊಟಕುಮಾಡಿಸಬಹುದು, ಇಲ್ಲವೆ ಬದಲಾಯಿಸಬಹುದು; ಖರ್ಚು ಕೆಲವು ನೂರು ಡಾಲರು.