ಸಾಕುಪ್ರಾಣಿಗಳ ಛಾಯಾಚಿತ್ರಕ್ಕೆ ಮೊದಲ ಕ್ಯಾಮೆರಾ: ಹಣ ತೊಡಗಿಸುವ ಮುನ್ನ

ನಾಯಿಯ ಕೊರಳಪಟ್ಟಿ, ಹಗ್ಗ, ಹಾಸಿಗೆ ಮೊದಲಾದವುಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರೂ ಅವುಗಳ ವರ್ತಕರೂ ಇಂದು ತಮ್ಮ ಸರಕನ್ನು ಗ್ರಾಹಕರಿಗೆ ಮೊದಲು ತೋರಿಸುವುದು ಚಿತ್ರದ ಮೂಲಕವೇ. ಮೇಜಿನ ಮೇಲಿಟ್ಟ ಕೊರಳಪಟ್ಟಿಯ ಚಿತ್ರಕ್ಕೆ ಮೊಬೈಲ್ ಫೋನ್ ಸಾಕು. ಆದರೆ ಮುಧೋಳದ ನಾಯಿಯಂಥ ಕಿರಿದಾದ ತಲೆಯ, ಉದ್ದ ಕೊರಳಿನ ಬೇಟೆನಾಯಿಗೆ ಪಟ್ಟಿ ಹೇಗೆ ಕೂರುತ್ತದೆಂಬುದನ್ನು ತೊಡಿಸಿಯೇ ತೋರಿಸಬೇಕು. ತೊಡಿಸಿದ ಕೂಡಲೇ ನಾಯಿ ತಲೆ ಕೊಡವುತ್ತದೆ, ಚಿತ್ರ ಮಸುಕಾಗುತ್ತದೆ. ಮಸುಕು ಚಿತ್ರವನ್ನು ನಂಬಿ ಕೊಂಡ ಸರಕು ಹಿಂದಿರುಗಿದರೆ ಸಾಗಣೆ ವೆಚ್ಚ ಬಹುಮಟ್ಟಿಗೆ ಮಾರಾಟಗಾರನ ತಲೆಯ ಮೇಲೆಯೇ ಬೀಳುತ್ತದೆ. ಆಗ ಕ್ಯಾಮೆರಾ ಕೊಳ್ಳುವ ಯೋಚನೆ ಬರುತ್ತದೆ, ಮೆಗಾಪಿಕ್ಸೆಲ್ ಸಂಖ್ಯೆಯನ್ನು ನೋಡಿ ಹಣ ತೆರುವುದೂ ನಡೆಯುತ್ತದೆ.

ಈ ಸಂಖ್ಯೆಗೆ ಅಷ್ಟು ಮಹತ್ವ ಕೊಡಬೇಕಾಗಿಲ್ಲ. ಎ4 ಅಳತೆಯ ಪುಟವನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಮುದ್ರಿಸಲು ಸುಮಾರು 87 ಲಕ್ಷ ಚುಕ್ಕಿಗಳು, ಅಂದರೆ 9 ಮೆಗಾಪಿಕ್ಸೆಲ್‌ಗಿಂತ ಕಡಿಮೆ ಸಾಕು. ವಿಚಾರಿಸಬೇಕಾದ ಅಂಶ ಬೇರೆ: ಕ್ಯಾಮೆರಾ ಪ್ರಾಣಿಯ ಕಣ್ಣನ್ನು ತಾನಾಗಿಯೇ ಗುರುತಿಸಿ ಫೋಕಸ್ ಹಿಡಿಯುವುದೇ? 2019ರಲ್ಲಿ ಸೋನಿ ತನ್ನ ಕೆಲವು ಮಾದರಿಗಳಿಗೆ ಈ ಸೌಲಭ್ಯ ಒದಗಿಸಿತು. ಇತರ ತಯಾರಕರೂ ಅನುಸರಿಸಿದರು. ಆದರೂ ಎಲ್ಲ ಮಾದರಿಗಳಲ್ಲಿ ಇದು ಇಲ್ಲ. 2023ರಲ್ಲಿ ಬಿಡುಗಡೆಯಾದ ಕ್ಯಾನನ್ ಆರ್50 ಮತ್ತು ಆರ್100 ಎರಡೂ 24 ಮೆಗಾಪಿಕ್ಸೆಲ್‌ನವು. ಮೊದಲನೆಯದು ನಾಯಿ, ಬೆಕ್ಕು, ಪಕ್ಷಿಗಳನ್ನು ಗುರುತಿಸುತ್ತದೆ. ಅಗ್ಗವಾದ ಎರಡನೆಯದು ಮನುಷ್ಯರ ಮುಖ ಮತ್ತು ಕಣ್ಣನ್ನು ಮಾತ್ರ. ಇಲ್ಲಿ ಬೆಲೆಯ ವ್ಯತ್ಯಾಸವನ್ನು ಉಳಿತಾಯವೆಂದು ಭಾವಿಸುವುದು ಸರಿಯಲ್ಲ.

ಎರಡನೆಯ ಅಂಶ ಬೆಳಕು. ಚಂಚಲ ಪ್ರಾಣಿಯ ಚಿತ್ರಕ್ಕೆ ಶಟರ್ ವೇಗ ಸೆಕೆಂಡಿನ 500ನೇ ಒಂದು ಭಾಗದಷ್ಟಾದರೂ ಇರಬೇಕು. ಕ್ಯಾಮೆರಾ ಜೊತೆಗೆ ಬರುವ ಸಾಮಾನ್ಯ ಜೂಮ್ ಲೆನ್ಸ್‌ನ ದೂರದ ತುದಿಯಲ್ಲಿ ದ್ವಾರವು ಎಫ್/6.3ಕ್ಕೆ ಸೀಮಿತವಾಗಿರುವುದುಂಟು. ಎಫ್/1.8ರ 50 ಮಿ.ಮೀ. ಲೆನ್ಸ್ ಅದಕ್ಕಿಂತ ಸುಮಾರು 12 ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಜೂಮ್‌ನಲ್ಲಿ 40ನೇ ಒಂದು ಭಾಗ ಸಿಗುವಲ್ಲಿ ಇದರಲ್ಲಿ 500ನೇ ಒಂದು ಭಾಗ ಸಿಗುತ್ತದೆ. ಆದರೆ ದ್ವಾರವನ್ನು ಪೂರ್ತಿ ತೆರೆದು ಹತ್ತಿರದಿಂದ ತೆಗೆದರೆ ಕಣ್ಣು ಸ್ಪಷ್ಟವಾಗಿದ್ದು ಕೊರಳಪಟ್ಟಿಯೇ ಮಸುಕಾಗುವ ಸಂಭವವಿದೆ. ಮಾರಾಟಕ್ಕಿರುವುದು ಪಟ್ಟಿಯೇ ಹೊರತು ಕಣ್ಣಲ್ಲವಷ್ಟೆ! ಆದುದರಿಂದ ದ್ವಾರವನ್ನು ಎಫ್/4ರ ಆಸುಪಾಸಿಗೆ ಇಳಿಸಿ, ಹಗಲಿನಲ್ಲಿ ಅಂಗಡಿಯ ಜಗಲಿಯಲ್ಲೋ ದೊಡ್ಡ ಕಿಟಕಿಯ ಬಳಿಯೋ ಚಿತ್ರ ತೆಗೆಯುವುದು ಲೇಸು. ಇದಕ್ಕೆ ಖರ್ಚೂ ಇಲ್ಲ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ನೇರವಾಗಿ ಬಿದ್ದರೆ ನಾಯಿ ಬೆಕ್ಕುಗಳ ಕಣ್ಣು ಹಸಿರಾಗಿ ಹೊಳೆಯುತ್ತದೆ. ಕಪ್ಪು ನಾಯಿಯನ್ನು ಕ್ಯಾಮೆರಾ ಬೂದು ಬಣ್ಣವಾಗಿ ತೋರಿಸಲು ಯತ್ನಿಸುವುದರಿಂದ ಎಕ್ಸ್‌ಪೋಷರನ್ನು ತುಸು ತಗ್ಗಿಸಬೇಕು. ಬಿಳಿ ನಾಯಿಗೆ ತುಸು ಏರಿಸಬೇಕು.

ಇನ್ನು ಲೆಕ್ಕಪತ್ರದ ವಿಚಾರ. ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿಯನ್ನು 2019ರ ಜನವರಿ 1ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು. ಕ್ಯಾಮೆರಾ ಮತ್ತು ಲೆನ್ಸಿನ ಮೂಲ ಬೆಲೆ ₹60,000 ಎಂದಿಟ್ಟುಕೊಂಡರೆ ತೆರಿಗೆ ₹10,800, ಒಟ್ಟು ₹70,800. ನೋಂದಾಯಿತ ವರ್ತಕರು ತಮ್ಮ ಜಿಎಸ್‌ಟಿ ಸಂಖ್ಯೆಯುಳ್ಳ ಇನ್‌ವಾಯ್ಸ್ ಪಡೆದು, ಕ್ಯಾಮೆರಾವನ್ನು ವ್ಯವಹಾರಕ್ಕೇ ಬಳಸಿದಲ್ಲಿ ಆ ₹10,800 ಇನ್‌ಪುಟ್ ತೆರಿಗೆ ಜಮೆಯಾಗಿ ದೊರೆಯುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ಇಲ್ಲ. ಜೀವಂತ ನಾಯಿಮರಿಗಳ ಮಾರಾಟಕ್ಕೆ ಜಿಎಸ್‌ಟಿ ಇಲ್ಲವಾದ್ದರಿಂದ ಕೇವಲ ಮರಿಗಳನ್ನೇ ಮಾರುವವರಿಗೂ ಇಲ್ಲ.

ಆದಾಯ ತೆರಿಗೆಯಲ್ಲಿ ಕ್ಯಾಮೆರಾ ಸಾಮಾನ್ಯ ಯಂತ್ರೋಪಕರಣಗಳ ವರ್ಗಕ್ಕೆ ಸೇರುತ್ತದೆ, ಸವಕಳಿ ಶೇ. 15. ಕಂಪ್ಯೂಟರಿನ ಶೇ. 40 ಇದಕ್ಕೆ ಅನ್ವಯಿಸುವುದಿಲ್ಲ. ಜಮೆ ಪಡೆದವರು ₹60,000ದ ಮೇಲೆ, ಅಂದರೆ ಮೊದಲ ವರ್ಷ ₹9,000 ಮಾತ್ರ ಸವಕಳಿ ಪಡೆಯಬಹುದು; ಕೊಂಡ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಅದರ ಅರ್ಧ. ಅಂದಾಜು ಲಾಭದ ಪದ್ಧತಿಯವರಿಗೆ ಸವಕಳಿಯ ಪ್ರತ್ಯೇಕ ಕಳೆತವಿಲ್ಲ. ಹೆಚ್ಚಿನವರು ಎಡವುವುದು ನಗದು ಪಾವತಿಯಲ್ಲಿ: ಒಬ್ಬ ಮಾರಾಟಗಾರನಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ನಗದಾಗಿ ತೆತ್ತರೆ ಆ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸುವಂತಿಲ್ಲ, ಅದರ ಮೇಲೆ ಸವಕಳಿಯೂ ಇಲ್ಲ.

ಬಿಲ್ಲಿಲ್ಲದೆ ಹತ್ತು ಸಾವಿರ ಕಡಿಮೆಗೆ ಕೊಡುವೆವೆನ್ನುವ ಅಂಗಡಿಗಳೂ ಇವೆ. ಮೇಲಿನ ಉದಾಹರಣೆಯಲ್ಲಿ ಜಮೆಯೊಂದೇ ಆ ರಿಯಾಯಿತಿಗಿಂತ ದೊಡ್ಡದು. ಸವಕಳಿ ಮತ್ತು ತಯಾರಕರ ವಾರಂಟಿಯ ನಷ್ಟ ಬೇರೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಹೊಸ ಮಾದರಿಗಳನ್ನು ಹೊರತರುವ ಉದ್ದಿಮೆಗೆ ಖರೀದಿಗಿಂತ ಬಾಡಿಗೆಯೇ ಹಗುರ. ಕೊಳ್ಳಲು ನಿಶ್ಚಯಿಸಿದವರೂ ಮನಸ್ಸಿನಲ್ಲಿರುವ ಮಾದರಿಯನ್ನು ಒಂದು ದಿನ ಬಾಡಿಗೆಗೆ ತಂದು, ತಮ್ಮ ನಾಯಿಯ ಮುಂದೆ, ತಮ್ಮದೇ ಅಂಗಡಿಯ ಬೆಳಕಿನಲ್ಲಿ ಪರೀಕ್ಷಿಸಿ, ಅನಂತರ ಸೀರಿಯಲ್ ಸಂಖ್ಯೆ ನಮೂದಾದ ಇನ್‌ವಾಯ್ಸ್‌ನೊಂದಿಗೆ ಕೊಳ್ಳಬಹುದು.